ಎರಡು ಬೆರಳು, ನಾಲ್ಕು ಬೆರಳು

ಮಾರ್ಚ್ 3, ಸೋಮವಾರ

ಇವತ್ತು ಗ್ಯಾರೇಜಿನಲ್ಲಿ ಗಾಡಿ ಎತ್ತುವ ನನ್ನ ಲಿಫ್ಟ್ ಮೇಲೆ ಆನೆಯಂಥ ಒಂದು ಬಿಳಿ ಗಾಡಿ ಹತ್ತಿ ನಿಂತಿತು. ಕರೆಂಟಿನ ಎಸ್‌ಯುವಿ, ತೂಕ ಎರಡೂವರೆ ಟನ್. ಬರುವಾಗ ಸದ್ದೇ ಇಲ್ಲ. ಬೆನ್ನ ಹಿಂದೆ ಬಂದು ನಿಂತಿದ್ದನ್ನು ತಿರುಗಿ ನೋಡಿ ಬೆಚ್ಚಿಬಿದ್ದೆ. ನಮಗೆಲ್ಲ ಕೆಲಸ ಹೇಳುವ ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಈ ಗಾಡಿಗೆ ಸೈಲೆನ್ಸರ್ ಇಲ್ಲ ಅಂತ ಯಾರೂ ಬೇಜಾರು ಮಾಡ್ಕೋಬೇಡಿ. ನಮ್ಮ ಹತ್ರ ಒಂದಿದೆ, ಅದನ್ನೇ ಕೊಡೋಣ."

ಸೈಲೆನ್ಸರ್ ಎಂದರೆ ನಾನು. ಗ್ಯಾರೇಜಿಗೆ ಸೇರಿ ಐದು ವರ್ಷವಾಯಿತು. ಆ ಹೆಸರು ಮೂರನೇ ದಿನಕ್ಕೇ ಬಿತ್ತು. ಮಧ್ಯಾಹ್ನ ಊಟವಾದ ಮೇಲೆ ಟೈರುಗಳ ಮೇಲೆ ಒರಗಿ ನೀವು ಹೊಡೆಯುವ ಗೊರಕೆಗೆ ಮೊದಲು ಒಂದು ಸೈಲೆನ್ಸರ್ ಹಾಕಿಸಿ ಮೇಸ್ತ್ರಿ, ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ಇಲ್ಲಿ ಬರೆದೆ. ಈ ನೋಟ್‌ಬುಕ್ ಇರುವುದೇ ಅದಕ್ಕೆ.

ಗಾಡಿಯ ಮಾಲಕಿ ಹಲ್ಲಿನ ಡಾಕ್ಟರ್. ಎರಡು ಊರಿನ ಎರಡು ಕ್ಲಿನಿಕ್ಕಿಗೆ ದಿನಾ ಓಡಾಡುತ್ತಾರಂತೆ. ನಾಲ್ಕೂ ಹೊಸ ಟೈರ್ ಹಾಕಿಸಿಕೊಂಡು ಅಲೈನ್‌ಮೆಂಟಿಗೆ ಬಂದಿದ್ದರು. ನಾಲ್ಕು ಚಕ್ರವೂ ಹಾದಿ ತಪ್ಪದೆ ಒಂದೇ ಕಡೆ ನೋಡುವಂತೆ ಮಾಡುವುದು ನನ್ನ ಕೆಲಸ. ಚಕ್ರಕ್ಕೊಂದು ಕ್ಲಾಂಪ್ ಕಟ್ಟುತ್ತೇನೆ, ಎದುರಿನ ಕ್ಯಾಮೆರಾ ಅವನ್ನು ನೋಡುತ್ತದೆ, ಮೆಷಿನ್ನಿನ ಪರದೆಯಲ್ಲಿ ಹನ್ನೆರಡು ಅಂಕಿ ಬರುತ್ತವೆ. ತಪ್ಪಿದ್ದು ಕೆಂಪು, ಸರಿಯಿದ್ದದ್ದು ಹಸಿರು.

ಈ ಗಾಡಿಗೆ ಸ್ಪ್ರಿಂಗ್ ಇಲ್ಲ. ಚಕ್ರಕ್ಕೊಂದು ರಬ್ಬರಿನ ಗಾಳಿಚೀಲ. ಎಷ್ಟು ಎತ್ತರ ನಿಲ್ಲಬೇಕು ಎಂಬುದನ್ನು ಗಾಡಿಯೇ ನೋಡಿಕೊಳ್ಳುತ್ತದೆ. ಅಳೆಯುವಾಗ ಅದು ತನ್ನ ಪಾಡಿಗೆ ಗಾಳಿ ತುಂಬಿಕೊಂಡು, ಬಿಟ್ಟು ಮಾಡುತ್ತಿದ್ದರೆ ಅಂಕಿಗಳು ನಿಲ್ಲುವುದಿಲ್ಲ. ಅದಕ್ಕೆ ಒಳಗಿನ ಪರದೆಯಲ್ಲಿ ಜಾಕ್ ಮೋಡ್ ಒತ್ತಿ ಎತ್ತರಕ್ಕೆ ಬೀಗ ಹಾಕಬೇಕು. ಅಷ್ಟು ನನಗೆ ಗೊತ್ತಿತ್ತು. ಗಾಡಿ ಲಿಫ್ಟ್ ಹತ್ತಿದ ಕೂಡಲೇ ನಿಯಮದ ಪ್ರಕಾರ ಡ್ರೈವರ್ ಬಾಗಿಲು ತೆರೆದಿಟ್ಟೆ, ಕ್ಲಾಂಪ್ ತಂದು ಕಟ್ಟಿದೆ, ಜಾಕ್ ಮೋಡ್ ಒತ್ತಿದೆ. ಸಂಜೆಯೊಳಗೆ ಹನ್ನೆರಡೂ ಹಸಿರು.

"ಸರಿ ಹೋಯ್ತೇನಮ್ಮಾ?" ಎಂದರು ಡಾಕ್ಟರಮ್ಮ.

ತಲೆಯಾಡಿಸಿದೆ.

"ಬಾಯಿ ತೆಗ್ದು ಹೇಳಮ್ಮ. ನನ್ನ ಕೆಲಸಾನೇ ಬಾಯಿ ತೆಗೆಸೋದು, ಇಲ್ಲೂ ಅದನ್ನೇ ಮಾಡ್ಬೇಕಾ?"

ಮತ್ತೆ ತಲೆಯಾಡಿಸಿದೆ. ಓಡಿಸಿ ನೋಡಲು ಮೇಸ್ತ್ರಿಗೆ ಕೊಡಬೇಕಿತ್ತು. ಡಾಕ್ಟರಮ್ಮನಿಗೆ ಅವಸರ, ಹೊರಟೇಬಿಟ್ಟರು.

ಮಾರ್ಚ್ 4, ಮಂಗಳವಾರ

ಸ್ಟೀರಿಂಗ್ ಎಡಕ್ಕೆ ಓರೆಯಂತೆ. ಗಾಡಿ ಎಡಕ್ಕೆ ಎಳೆಯುತ್ತದಂತೆ. ಬೆಳಗ್ಗೆ ಎಂಟಕ್ಕೇ ಡಾಕ್ಟರಮ್ಮನ ಫೋನು. ಗ್ಯಾರೇಜಿನ ಮಾಲೀಕರು ಫೋನಿನಲ್ಲಿ ಅವರಿಗೆ ಜೇನು ಸುರಿಸಿ, ಫೋನಿಟ್ಟು ನನ್ನ ಕಡೆ ತಿರುಗಿ ಮೆಣಸಿನಪುಡಿ ಎರಚಿದರು.

ಹನ್ನೆರಡೂ ಹಸಿರಿತ್ತು. ನಾನು ಕಣ್ಣಾರೆ ನೋಡಿದ್ದೇನೆ. ಹನ್ನೆರಡೂ!

ಮಾರ್ಚ್ 6, ಗುರುವಾರ

ತಲೆ ಚಿಟ್ಟು ಹಿಡಿದುಹೋಗಿದೆ.

ಗಾಡಿ ಮತ್ತೆ ಬಂತು. ಬಾಗಿಲು ತೆರೆದಿಟ್ಟೆ, ಕ್ಲಾಂಪ್ ಕಟ್ಟಿದೆ, ಬೀಗ ಒತ್ತಿದೆ. ಪರದೆ ನೋಡಿದರೆ ಹನ್ನೆರಡೂ ಹಸಿರು! ನಾನು ಮೊನ್ನೆ ಬಿಟ್ಟ ಹಾಗೇ ಇದೆ, ಒಂದು ಕೂದಲೆಳೆಯೂ ಆಚೀಚೆ ಆಗಿಲ್ಲ. ಕೆಂಪಿದ್ದರೆ ಸರಿ ಮಾಡಬಹುದು. ಹಸಿರನ್ನು ಏನು ಮಾಡಲಿ? ಕ್ಲಾಂಪ್ ಬಿಚ್ಚಿ ಮತ್ತೆ ಕಟ್ಟಿದೆ. ಹಸಿರು. ಕ್ಯಾಮೆರಾದ ಗಾಜು ಒರೆಸಿದೆ. ಹಸಿರು. ಟೈರಿನ ಗಾಳಿ ನೋಡಿದೆ, ಮುಂಚಕ್ರದ ಕೆಳಗಿನ ತಿರುಗುವ ತಟ್ಟೆಗಳನ್ನು ಎತ್ತಿ ಮರಳು ಕೊಡವಿದೆ, ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಯಿತು. ಹಸಿರು, ಹಸಿರು, ಹಸಿರು. ಆ ಬಣ್ಣ ಕಂಡರೆ ಮೈ ಉರಿಯುತ್ತದೆ.

ಮೇಸ್ತ್ರಿ ಓಡಿಸಿಕೊಂಡು ಬಂದರು. ಸ್ಟೀರಿಂಗ್ ಓರೆ ಇರುವುದು ನಿಜ ಎಂದರು. ಆಮೇಲೆ ಮೀಸೆ ತಿರುವಿ, "ರಸ್ತೆ ಎಡಕ್ಕೆ ಇಳಿಜಾರು ಇರುತ್ತೆ ಮೇಡಂ, ನೀರು ಹರಿದು ಹೋಗ್ಲಿ ಅಂತ" ಎಂದರು.

"ಹತ್ತು ವರ್ಷದಿಂದ ಅದೇ ರಸ್ತೇಲಿ ಓಡಾಡ್ತಿದೀನಿ ಮೇಸ್ತ್ರಿ. ಈ ವಾರ ಹೊಸದಾಗಿ ಇಳಿಜಾರಾಯ್ತಾ?"

ಮೇಸ್ತ್ರಿ ಟೈರಿಗೆ ಒದ್ದು ನೋಡಿದರು. ಅವರಿಗೆ ಏನೂ ತೋಚದಿದ್ದಾಗ ಟೈರಿಗೆ ಒದೆಯುತ್ತಾರೆ.

ಹೊರಡುವ ಹೊತ್ತಿಗೆ ಡಾಕ್ಟರಮ್ಮ ಗೇಟಿನ ಬಳಿ ಗಾಡಿಯ ಬಾಗಿಲು ತೆರೆದು ಸೀಟಿನ ಮೇಲಿನ ಚೀಲವನ್ನು ಪಕ್ಕಕ್ಕೆ ಸರಿಸುತ್ತಿದ್ದರು. ನಾನು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕುಳಿತು ನಟ್ಟು ಹೆಕ್ಕುತ್ತಿದ್ದೆ. ಕಣ್ಣಿನ ಮಟ್ಟಕ್ಕೆ ಸರಿಯಾಗಿ ಮುಂಚಕ್ರ. ಚಕ್ರಕ್ಕೂ ಅದರ ಮೇಲಿನ ಕಮಾನಿಗೂ ನಡುವೆ ಎರಡು ಬೆರಳಿನ ಸಂದು. ಅವರು ಕುಳಿತು, ಬಾಗಿಲು ಹಾಕಿ, ಬೆಲ್ಟ್ ಎಳೆದುಕೊಂಡರು. ಒಳಗೆಲ್ಲೋ ಸಣ್ಣಗೆ ಗುಂಯ್ ಅಂದಿತು. ನನ್ನ ಕಣ್ಣೆದುರಿಗೇ ಗಾಡಿ ಮೆಲ್ಲಗೆ ಎದ್ದು ನಿಂತಿತು. ಸಂದು ನಾಲ್ಕು ಬೆರಳಾಯಿತು.

ಬಾಗಿಲು ತೆರೆದರೆ ಗಾಡಿ ಬಗ್ಗುತ್ತದೆ! ಹತ್ತಿ ಇಳಿಯುವವರಿಗೆ ಸುಲಭವಾಗಲಿ ಎಂದು. ಲಿಫ್ಟ್ ಮೇಲೆ ನಾವು ಮೊದಲು ಮಾಡುವ ಕೆಲಸವೇ ಬಾಗಿಲು ತೆರೆಯುವುದು. ಬಗ್ಗಿದ ಗಾಡಿಗೆ ಬೀಗ ಹಾಕಿ, ಬಗ್ಗಿದ ಗಾಡಿಯನ್ನೇ ಅಳೆದು, ಬಗ್ಗಿದಾಗ ನೆಟ್ಟಗೆ ನಡೆಯುವ ಹಾಗೆ ಮಾಡಿ ಕಳಿಸಿದ್ದೇನೆ. ರಸ್ತೆಯಲ್ಲಿ ಅದು ಬಗ್ಗಿ ಓಡುತ್ತದೆಯೇ?

ಎದ್ದು ನಿಂತು ಕೈ ಎತ್ತಿದೆ. ಬಾಯಿಂದ ಅಲ್ಲ, ಕೈಯಿಂದಲೇ "ನಿಲ್ಲಿ" ಎಂದು ಬೀಸಿದೆ. ಡಾಕ್ಟರಮ್ಮ ಕನ್ನಡಿಯಲ್ಲಿ ನೋಡಿ, ನಾನು ಟಾಟಾ ಮಾಡುತ್ತಿದ್ದೇನೆ ಎಂದುಕೊಂಡು ಅವರೂ ಕೈ ಬೀಸಿ ಹೊರಟುಹೋದರು.

ನನಗೆ ನಾನೇ ಎರಡು ಬಾರಿಸಿಕೊಳ್ಳಬೇಕು ಅನ್ನಿಸಿತು.

ಮಾರ್ಚ್ 7, ಶುಕ್ರವಾರ

ಮೇಸ್ತ್ರಿಗೆ ಹೇಳೋಣವೆಂದು ಬೆಳಗಿನ ಟೀ ಹೊತ್ತಿಗೆ ಅವರ ಪಕ್ಕ ಹೋಗಿ ಕುಳಿತೆ. "ಮೇಸ್ತ್ರೀ, ಬಾಗಿಲು" ಎಂದೆ. ಅಷ್ಟೇ ಅಂದದ್ದು.

"ಹೂಂ, ಬಾಗಿಲು!" ಎಂದು ಅವರು ಶುರುಮಾಡಿಯೇಬಿಟ್ಟರು. ಈ ಕಥೆಯನ್ನು ಐದು ವರ್ಷದಲ್ಲಿ ಕಡಿಮೆಯೆಂದರೂ ನಲವತ್ತು ಸಲ ಕೇಳಿದ್ದೇನೆ. ಹಿಂದೆ ಒಂದು ಗಾಡಿ ಲಿಫ್ಟ್ ಮೇಲಿದ್ದಾಗ ಬಾಗಿಲು ತಾನೇ ಲಾಕ್ ಆಗಿ ಕೀಲಿ ಒಳಗೇ ಉಳಿಯಿತು. ಎಂಜಿನ್ ಓಡುತ್ತಲೇ ಇತ್ತು. ಮೂರು ಗಂಟೆ ಹೊಗೆ ಕುಡಿದು ಎಲ್ಲರೂ ಕೆಮ್ಮಿದರು. ಕೊನೆಗೆ ಮೇಸ್ತ್ರಿ ಕಿಟಕಿ ಒಡೆದರು. ಮಾರನೆಯ ದಿನ ಅವರೇ ಬ್ರಷ್ ಹಿಡಿದು ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದರು: ಲಿಫ್ಟ್ ಮೇಲಿರುವ ಗಾಡಿಯ ಡ್ರೈವರ್ ಬಾಗಿಲು ತೆರೆದೇ ಇರಬೇಕು.

"ಅವತ್ತಿಂದ ಇವತ್ತಿನವರೆಗೆ ಒಂದು ಕಿಟಕಿ ಒಡ್ದಿಲ್ಲ, ನೋಡು" ಎಂದು ಎದೆ ತಟ್ಟಿಕೊಂಡರು. "ನಿಂಗೆ ನಾನು ಕಲಿಸಿದ ಮೊದಲ್ನೇ ಪಾಠ ಯಾವ್ದು ಹೇಳು?"

"ಬಾಗಿಲು" ಎಂದೆ.

"ಭಲೇ ಮಗಳೇ" ಎಂದು ಬೆನ್ನು ತಟ್ಟಿದರು.

ಈಗ ಹೇಗೆ ಹೇಳಲಿ? ನನಗೆ ಸ್ಪಾನರ್ ಹಿಡಿಯಲು ಕಲಿಸಿದವರೇ ಇವರು. ಟೀ ತಣ್ಣಗಾಗಿತ್ತು. ಅದನ್ನೇ ಕುಡಿದು ಎದ್ದೆ.

ಮಾರ್ಚ್ 10, ಸೋಮವಾರ

ಹೊಸಬನೊಬ್ಬ ಬಂದಿದ್ದಾನೆ. ಎಲ್ಲರಿಗೂ ಗ್ರೀಸ್ ಅಂಗಿ, ಇವನಿಗೆ ಟೈ. ಅದಕ್ಕೆ ಅವನ ಹೆಸರೂ ಟೈ. ಎಲ್ಲೋ ಆರು ತಿಂಗಳು ಕಲಿತ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ತಂದಿದ್ದಾನೆ. ನನ್ನ ಮೆಷಿನ್ನಿನ ನೆತ್ತಿಯ ಮೇಲೆ ಅದಕ್ಕೆ ಮೊಳೆ ಹೊಡೆದ. ನನ್ನನ್ನು ಒಂದು ಮಾತು ಕೇಳಲಿಲ್ಲ. ಕೇಳಿದ್ದರೂ ನಾನು ತಲೆಯಾಡಿಸುತ್ತಿದ್ದೆ, ಅದು ಬೇರೆ.

ಮಾಲೀಕರು ಎಲ್ಲರೆದುರಿಗೇ ಹೇಳಿದರು. "ನೋಡಮ್ಮಾ, ನಿನ್ನ ಕೈ ಒಳ್ಳೇದು, ಇಲ್ಲ ಅನ್ನಲ್ಲ. ಆದ್ರೆ ಆ ಡಾಕ್ಟರ್ ಗಾಡಿ ಇನ್ನೊಂದ್ಸಲ ವಾಪಸ್ ಬಂತೋ, ಮೆಷಿನ್ನು ಇವನಿಗೆ. ನೀನು ಹಿಂದುಗಡೆ ಗಾಡಿ ತೊಳೆಯೋಕೆ ಹೋಗು."

ಗಾಡಿ ತೊಳೆಯುವುದರಲ್ಲಿ ತಪ್ಪೇನಿಲ್ಲ. ಮೊದಲ ಎರಡು ವರ್ಷ ಅದನ್ನೇ ಮಾಡಿದ್ದೇನೆ. ಆದರೆ ಆ ಮೆಷಿನ್ ನನ್ನದು. ಸಣ್ಣ ಸ್ಟೂಲು, ಕಾಲಿನ ಕೆಳಗಿನ ಮರದ ಹಲಗೆ, ಒರೆಸುವ ಹಳದಿ ಬಟ್ಟೆ, ಎಲ್ಲ ನನ್ನ ಅಳತೆಗೆ ಇಟ್ಟುಕೊಂಡಿದ್ದೇನೆ. ಓರೆಯಾಗಿ ಬಂದ ಗಾಡಿಯೊಂದು ನೆಟ್ಟಗಾಗಿ ಹೋಗುವುದನ್ನು ನೋಡುವಾಗ ನನಗೆ ಏನೋ ಒಂಥರಾ ಆಗುತ್ತದೆ. ಅದನ್ನು ಯಾರಿಗೂ ಹೇಳಿಲ್ಲ.

ಇನ್ನೊಂದು ಸಲ ಬಂದೇ ಬರುತ್ತದೆ. ಅದು ಯಾಕೆ ಬರುತ್ತದೆ ಎಂದು ಈ ಗ್ಯಾರೇಜಿನಲ್ಲಿ ಗೊತ್ತಿರುವುದು ನನಗೊಬ್ಬಳಿಗೆ!

ಮಾರ್ಚ್ 12, ಬುಧವಾರ

ಮನೆಯಲ್ಲಿ ಹೇಳಿ ಅಭ್ಯಾಸ ಮಾಡೋಣ ಎಂದುಕೊಂಡೆ. ಮನೆಯಲ್ಲಿರುವುದು ನಾನು ಮತ್ತು ಅಜ್ಜಿ. ಅವಳಿಗೆ ಕಿವಿ ಮಂದ, ನನಗೆ ಬಾಯಿ ಮಂದ. ನಮ್ಮಿಬ್ಬರ ಪರವಾಗಿ ಟಿ.ವಿ. ಮಾತಾಡುತ್ತದೆ.

ಅಜ್ಜಿ ಹಾಲಿಗೆ ಬ್ರೆಡ್ ಅದ್ದಿ ತಿನ್ನುತ್ತಿದ್ದಳು. ಎದುರಿಗೆ ಕುಳಿತು, "ಮೇಸ್ತ್ರೀ, ಬಾಗಿಲು ಮುಚ್ಚಬೇಕು" ಎಂದೆ.

"ಏನು?"

"ಬಾಗಿಲು ಮುಚ್ಚಬೇಕು."

"ಮುಚ್ಚೇ ಇದೆಯಲ್ಲೇ. ಗಾಳಿ ಬರ್ತಿದ್ಯಾ?" ಎಂದು ಎದ್ದು ಹೋಗಿ, ಮುಚ್ಚಿದ ಬಾಗಿಲನ್ನು ತೆರೆದು, ನೋಡಿ, ಮತ್ತೆ ಮುಚ್ಚಿ ಬಂದಳು. ಬಂದು ಕುಳಿತು, "ನಿಂಗೆ ಸ್ವಲ್ಪ ಜೋರಾಗಿ ಮಾತಾಡೋಕೆ ಏನು ದಾಡಿ? ಹೊಟ್ಟೆಯೊಳಗೇ ಮಾತಾಡ್ತೀಯ" ಎಂದಳು.

ನಿನ್ನ ಕಿವಿಯೊಳಗೆ ಲಾರಿ ನಿಲ್ಲಿಸಿಕೊಂಡು ನನಗೆ ಹೇಳುತ್ತೀಯಲ್ಲ ಅಜ್ಜಿ.

ನಾಳೆ ಅವಳನ್ನು ಕಿವಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಬೇಕು.

ಮಾರ್ಚ್ 13, ಗುರುವಾರ

ಹೊಸ ಕಿವಿ ಹನಿ ಕೊಟ್ಟಿದ್ದಾರೆ. ಬೆಳಗ್ಗೆ ಮೂರು, ಸಂಜೆ ಮೂರು. ಹನಿ ಬಿಡುವಾಗ ಅಜ್ಜಿ ಊರು ಒಂದಾಗುವಂತೆ ಕೂಗಿದಳು.

ಮಾರ್ಚ್ 19, ಬುಧವಾರ

ಬಂತು ಫೋನು. ಬರಿಯ ಓರೆಯ ದೂರಲ್ಲ ಈ ಸಲ. ಹೊಸ ಟೈರುಗಳು ಒಳಗಡೆಯ ಅಂಚಿನಲ್ಲಿ ಸವೆಯುತ್ತಿವೆಯಂತೆ. ನಾಳೆ ಹತ್ತಕ್ಕೆ ತರುತ್ತಾರೆ.

ಮಾಲೀಕರು ನನ್ನ ಸ್ಟೂಲನ್ನು ಎತ್ತಿ ಟೈ ಮುಂದೆ ಇಟ್ಟು ಹೋದರು. ಟೈ ಅದರ ಮೇಲೆ ಕರವಸ್ತ್ರ ಹಾಸಿ ಕುಳಿತ. ಕರವಸ್ತ್ರ! ಮೂರು ವರ್ಷ ನಾನು ಕುಳಿತ ಸ್ಟೂಲಿನ ಮೇಲೆ!

ಮಾರ್ಚ್ 20, ಗುರುವಾರ

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಗಾಡಿ ಬಂದ ತಕ್ಷಣ ನಾನು ಟೈರಿನ ಮೇಲೆ ಅಂಗೈ ಆಡಿಸಿದೆ. ಒಳಕ್ಕೆ ಸವರಿದರೆ ನುಣುಪು, ಹೊರಕ್ಕೆ ಸವರಿದರೆ ಗರಗಸ. ಚಕ್ರ ಓರೆಯಾಗಿ ನೆಲವನ್ನು ಉಜ್ಜಿಕೊಂಡು ಓಡಿದರೆ ಹಾಗಾಗುತ್ತದೆ. ಹದಿನೇಳು ದಿನದ ಟೈರು.

ಮಾಲೀಕರು ಕೈ ಬೀಸಿದರು. ಟೈ ಗಾಡಿಯನ್ನು ಲಿಫ್ಟ್ ಹತ್ತಿಸಿದ. ಗೋಡೆಯ ಮೇಲಿನ ಬರಹ ಓದಿ ಒಳ್ಳೆಯ ವಿದ್ಯಾರ್ಥಿಯಂತೆ ಬಾಗಿಲು ತೆರೆದಿಟ್ಟ. ಮೇಸ್ತ್ರಿಗೆ ಸಂತೋಷವಾಯಿತು. ನಾನು ಕಮಾನಿನ ಕೆಳಗೆ ಬೆರಳಿಟ್ಟೆ: ಮೂರು, ಎರಡೂವರೆ, ಎರಡು. ಟೈ ಜಾಕ್ ಮೋಡ್ ಒತ್ತಿದ. ಕ್ಲಾಂಪ್ ಕಟ್ಟಿದ. ಪರದೆಯಲ್ಲಿ ಹನ್ನೆರಡೂ ಹಸಿರು.

"ಅಲೈನ್‌ಮೆಂಟ್ ಪರ್ಫೆಕ್ಟ್ ಆಗಿದೆ ಸರ್" ಎಂದ ಟೈ. "ಗಾಡೀದೇ ಏನೋ ತೊಂದರೆ. ಕಂಪನಿಗೆ ಬರೀಬೇಕು."

"ನೋಡಿ ಮೇಡಂ, ಸರ್ಟಿಫಿಕೇಟ್ ಇರೋರು ಹೇಳ್ತಿದಾರೆ" ಎಂದು ಮಾಲೀಕರು ನಿರಾಳವಾಗಿ ಉಸಿರು ಬಿಟ್ಟರು. "ನಮ್ಮ ತಪ್ಪಲ್ಲ. ಬಿಚ್ಚಪ್ಪಾ ಕ್ಲಾಂಪು."

ಟೈ ಬಗ್ಗಿ ಕ್ಲಾಂಪಿಗೆ ಕೈ ಹಾಕಿದ.

"ಬಿಚ್ಚಬೇಡ!"

ಯಾರು ಕೂಗಿದರು ಎಂದು ನಾನೂ ತಿರುಗಿ ನೋಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಬಾಗಿಲು" ಎಂದೆ. ಮೇಸ್ತ್ರಿ ಬಾಯಿ ತೆರೆದರು. ಅವರು ಕಥೆ ಶುರುಮಾಡುತ್ತಾರೆ ಎಂದು ಗೊತ್ತಾಗಿ ಪಿತ್ತ ನೆತ್ತಿಗೇರಿತು. "ಬೇಡ ಮೇಸ್ತ್ರಿ, ಹೊಗೆ ಕಥೆ ಬೇಡ! ಈ ಗಾಡಿಗೆ ಹೊಗೇನೇ ಇಲ್ಲ! ಬಾಗಿಲು ತೆಗೆದ್ರೆ ಇದು ಬಗ್ಗುತ್ತೆ. ಇಲ್ಲಿ ಬೆರಳಿಡಿ. ಎರಡು. ರಸ್ತೇಲಿ ನಾಲ್ಕು. ನಾವು ಬಗ್ಗಿದ ಗಾಡಿನ ಅಳೀತಿದೀವಿ. ಕೂತ್ಕೊಂಡಿರೋರಿಗೆ ಪ್ಯಾಂಟಿನ ಅಳತೆ ತಗೊಂಡ ಹಾಗಾಯ್ತು!"

ಮೇಸ್ತ್ರಿ ನಿಧಾನಕ್ಕೆ ಬಂದು ಮಂಡಿಯೂರಿ ಕಮಾನಿನ ಕೆಳಗೆ ತಮ್ಮ ದಪ್ಪ ಬೆರಳಿಟ್ಟರು.

ಡಾಕ್ಟರಮ್ಮ ನಕ್ಕುಬಿಟ್ಟರು. "ಹೌದಲ್ಲ! ನಂಗೆ ಮಂಡಿನೋವು. ಬಾಗಿಲು ತೆಗೆದ್ರೆ ಬಗ್ಗುತ್ತೆ ಅಂತಾನೇ ಈ ಗಾಡಿ ತಗೊಂಡಿದ್ದು. ಮೂರು ಸಲ ಬಂದಿದೀನಿ, ಇವಳ ಹಲ್ಲು ನೋಡಿದ್ದು ಇವತ್ತೇ."

"ನಗಬೇಡಿ, ಒಳಗೆ ಹತ್ತಿ ಕೂತ್ಕೊಳ್ಳಿ" ಎಂದೆ. "ಬಾಗಿಲು ಹಾಕಿ. ಬೆಲ್ಟ್ ಹಾಕಿ. ಕಿಟಕಿ ಮಾತ್ರ ಇಳಿಸಿ."

"ಎಷ್ಟು ಹೊತ್ತು?"

"ಕೆಲಸ ಮುಗಿಯೋವರೆಗೆ."

ಜಾಕ್ ಮೋಡ್ ತೆಗೆಸಿದೆ. ಗುಂಯ್ ಎಂದು ಗಾಡಿ ಎದ್ದಿತು. ಟೇಪ್ ಹಿಡಿದು ನಾಲ್ಕೂ ಮೂಲೆ ಅಳೆದೆ. ಟೈ ತನ್ನ ಫೋನಿನಲ್ಲಿ ಗಾಡಿಯ ಪುಸ್ತಕ ಹುಡುಕಿ, ಎಷ್ಟು ಎತ್ತರ ಇರಬೇಕೆಂದು ಓದಿ ಹೇಳಿದ. ಸರಿಯಾಗಿತ್ತು. ಕಿಟಕಿಯಿಂದಲೇ ಹೇಳಿಕೊಟ್ಟು ಡಾಕ್ಟರಮ್ಮನ ಕೈಯಲ್ಲೇ ಮತ್ತೆ ಬೀಗ ಒತ್ತಿಸಿದೆ. ಸ್ಟೀರಿಂಗ್ ನೆಟ್ಟಗೆ ಹಿಡಿಸಿ, ಅಲ್ಲಾಡದಂತೆ ಕೋಲು ಸಿಕ್ಕಿಸಿದೆ. ಪರದೆ ನೋಡಿದೆ.

ಏಳು ಕೆಂಪು!

ಕೆಂಪು ಬಣ್ಣ ಕಂಡು ಇಷ್ಟು ಸಂತೋಷ ನನಗೆ ಯಾವತ್ತೂ ಆಗಿಲ್ಲ. ಮಾಲೀಕರು ತಲೆ ಮೇಲೆ ಕೈ ಹೊತ್ತುಕೊಂಡರು. "ಏ ಹುಡುಗೀ, ಹಸಿರಾಗಿದ್ದಿದ್ದನ್ನ ಕೆಂಪು ಮಾಡಿದ್ಯಲ್ಲೇ!"

"ಕೆಂಪೇ ನಿಜ ಸರ್. ಸ್ವಲ್ಪ ಆ ಕಡೆ ನಿಂತ್ಕೊಳ್ಳಿ, ಕ್ಯಾಮೆರಾಕ್ಕೆ ಅಡ್ಡ ಬರ್ತಿದೀರಿ."

ಆಮೇಲೆ ಎರಡೂವರೆ ಗಂಟೆ ಪ್ರಾಣ ತಿಂದರು. ನಾನು ಗಾಡಿಯ ಕೆಳಗೆ ಮಲಗಿ ಹಿಂಚಕ್ರದ ಬೋಲ್ಟ್ ತಿರುಗಿಸುತ್ತಿದ್ದರೆ, ಮೇಲೆ ಒಬ್ಬರಾದ ಮೇಲೊಬ್ಬರಿಗೆ ಆ ಬಾಗಿಲೇ ಬೇಕು. ಮಾಲೀಕರು ಡಾಕ್ಟರಮ್ಮನಿಗೆ ಟೀ ತಂದು ಬಾಗಿಲ ಹಿಡಿಗೆ ಕೈ ಹಾಕಿದರು. ಕೆಳಗಿನಿಂದ ಅವರ ಬೂಟು ಕಂಡಿತು. "ಕಿಟಕಿಯಿಂದ ಕೊಡಿ ಸರ್!" ಎಂದು ಕಿರುಚಿದೆ. ಟೈ ಒಳಗಿನ ಪರದೆಯ ಫೋಟೊ ತೆಗೆಯಲು ಹೋದ. "ಮುಟ್ಟಿದ್ರೆ ನಿನ್ನ ಟೈ ಲಿಫ್ಟಿಗೆ ಕಟ್ತೀನಿ!" ಎಂದೆ. ಬೀಗ ಹಾಕಿದ ಮೇಲೆ ಬಾಗಿಲು ತೆರೆದರೂ ಅದು ಬಗ್ಗದಿರಬಹುದು. ಇರಬಹುದು! ಆದರೆ ಎರಡು ಸಲ ಮೋಸಹೋದವಳು ನಾನು, ಆ ಗಾಡಿಯನ್ನು ನಂಬಲು ತಯಾರಿರಲಿಲ್ಲ.

ಡಾಕ್ಟರಮ್ಮ ಒಳಗೆ ಮಿಸುಕಾಡುತ್ತಿದ್ದರು. ಅವರು ಮಿಸುಕಿದರೆ ಪರದೆಯಲ್ಲಿ ಅಂಕಿ ಕುಣಿಯುತ್ತದೆ.

"ಅಲ್ಲಾಡಬೇಡಿ."

"ಸೊಂಟ ಹಿಡ್ಕೊಂಡಿದೆ ಕಣಮ್ಮ."

"ಇನ್ನು ಎರಡೇ ನಿಮಿಷ."

"ಅಯ್ಯೋ, ನನ್ನ ಕುರ್ಚೀಲಿ ಕೂತೋರಿಗೆ ನಾನೂ ಇದೇ ಸುಳ್ಳು ಹೇಳೋದು!"

ಎಡಗಡೆ ಮುಂಚಕ್ರದ ರಾಡಿನ ನಟ್ಟು ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಸ್ಪಾನರ್ ಜಾರಿ ಗೆಣ್ಣು ಕಿತ್ತುಹೋಯಿತು. ಮೇಲೆ ನೋಡಿದರೆ ಮೇಸ್ತ್ರಿ ನಿಂತಿದ್ದರು. ಮುಖ ಊದಿತ್ತು. ಉದ್ದನೆಯ ಪೈಪೊಂದನ್ನು ಸ್ಪಾನರಿನ ಬಾಲಕ್ಕೆ ಸಿಕ್ಕಿಸಿ, ನನ್ನ ಕೈಯ ಪಕ್ಕದಲ್ಲಿ ಕೈಯಿಟ್ಟು ಒತ್ತಿದರು. ಟಕ್ ಎಂದು ಬಿಟ್ಟುಕೊಂಡಿತು. ಪೈಪ್ ಅಲ್ಲೇ ಇಟ್ಟು ಹೊರಟುಹೋದರು.

ಒಂದೊಂದೇ ಹಸಿರಾಯಿತು. ಆರು, ಒಂಬತ್ತು, ಹನ್ನೊಂದು, ಹನ್ನೆರಡು.

ಗೋದಾಮುಗಳ ಹಿಂದಿನ ನೇರ ರಸ್ತೆಗೆ ಡಾಕ್ಟರಮ್ಮನ ಜೊತೆ ನಾನೇ ಹೋದೆ. ಖಾಲಿ ಜಾಗದಲ್ಲಿ ಅವರು ಸ್ಟೀರಿಂಗಿನಿಂದ ಎರಡೂ ಕೈ ಎತ್ತಿದರು. ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು, ಐದು. ಸ್ಟೀರಿಂಗ್ ಅಲುಗಲಿಲ್ಲ. ಗಾಡಿ ದಾರ ಹಿಡಿದ ಹಾಗೆ ನೆಟ್ಟಗೆ ಹೋಯಿತು.

ವಾಪಸ್ ಬಂದಾಗ ನನ್ನ ಸ್ಟೂಲು ಮೆಷಿನ್ನಿನ ಮುಂದೆ ಇತ್ತು. ಯಾರು ಇಟ್ಟರೋ. ಕರವಸ್ತ್ರ ಅದರ ಮೇಲೇ ಇತ್ತು. ಅದರಲ್ಲೇ ಗೆಣ್ಣಿನ ರಕ್ತ ಒರೆಸಿಕೊಂಡೆ.

ಮಾರ್ಚ್ 21, ಶುಕ್ರವಾರ

ಮೇಸ್ತ್ರಿ ಮಾತು ಬಿಟ್ಟಿದ್ದಾರೆ. ಟೀ ಹೊತ್ತಿಗೆ ಬೇರೆ ಬೆಂಚಿನಲ್ಲಿ ಕುಳಿತರು.

ಮಾರ್ಚ್ 24, ಸೋಮವಾರ

ಇವತ್ತೂ ಅದೇ. ಎಷ್ಟು ದಿನ ಅಂತ ಸಹಿಸಿಕೊಳ್ಳಲಿ! ಟೀ ತೆಗೆದುಕೊಂಡು ಹೋಗಿ ಅವರ ಬೆಂಚಿನಲ್ಲೇ ಕುಳಿತೆ.

"ಮೇಸ್ತ್ರೀ, ನಿಮ್ಮ ನಿಯಮ ತಪ್ಪಲ್ಲ. ಹೊಗೆ ಬಿಡೋ ಗಾಡಿಗೆ ಅದು ಸರಿ. ಇದು ಬೇರೆ ಜಾತಿ ಗಾಡಿ. ನಂಗೆ ಆರನೇ ತಾರೀಕಿಗೇ ಗೊತ್ತಾಗಿತ್ತು, ಹೇಳ್ಲಿಲ್ಲ. ಅದು ನನ್ನ ತಪ್ಪು. ಆ ಟೈರು ಸವೆದಿದ್ದು ನನ್ನಿಂದ. ಬೈಯೋದಾದ್ರೆ ಅದಕ್ಕೆ ಬೈಯಿರಿ, ಹೀಗೆ ಮುಖ ತಿರುಗಿಸಬೇಡಿ."

ಮೇಸ್ತ್ರಿ ಬೆಂಚಿನಲ್ಲಿ ಸ್ವಲ್ಪ ಸರಿದು ನನಗೆ ಜಾಗ ಕೊಟ್ಟರು. "ಎರಡು ಸಲ ನಾನೇ ಓಡಾಡಿದೀನಿ ಆ ಗಾಡಿ ಸುತ್ತ" ಎಂದರು. "ನನ್ನ ಕಣ್ಣಿಗೆ ಕಾಣ್ಲಿಲ್ಲ ನೋಡು. ಸಿಟ್ಟು ನಿನ್ನ ಮೇಲಲ್ಲ ಮಗಳೇ."

ಆಮೇಲೆ, "ಪ್ಯಾಂಟಿನ ಅಳತೆ ಅಂದ್ಯಲ್ಲ" ಎಂದು ಒಬ್ಬರೇ ನಕ್ಕರು. ಬಾಯಲ್ಲಿದ್ದ ಟೀ ಮೂಗಿಗೆ ಹತ್ತಿ ಕೆಮ್ಮಿದರು.

ಮಾರ್ಚ್ 25, ಮಂಗಳವಾರ

ಗೋಡೆಯ ಮೇಲಿನ ಕೆಂಪು ಬರಹದ ಕೆಳಗೆ ಹೊಸ ಸಾಲು ಬಂದಿದೆ. ಸೀಮೆಸುಣ್ಣದಲ್ಲಿ, ಮೇಸ್ತ್ರಿಯ ಅಕ್ಷರ: ಸೈಲೆನ್ಸರ್ ಮುಚ್ಚು ಅಂದರೆ ಮುಚ್ಚಬೇಕು.

ಬಾಗಿಲನ್ನೋ ಬಾಯನ್ನೋ ಎಂದು ಟೈ ಕೇಳಿದ. ಎರಡನ್ನೂ ಎಂದೆ.

ಏಪ್ರಿಲ್ 16, ಬುಧವಾರ

ಬಹಳ ದಿನವಾಯಿತು ಬರೆದು. ಯಾಕೋ ಬರೆಯುವಂಥದ್ದೇನೂ ಇರಲಿಲ್ಲ.

ಡಾಕ್ಟರಮ್ಮ ಬಂದಿದ್ದರು. ಗಾಡಿ ಕೆಟ್ಟದ್ದಕ್ಕಲ್ಲ, ಟೈರು ತೋರಿಸಲು. ಅಂಗೈ ಆಡಿಸಿದೆ. ಒಳಕ್ಕೆ ನುಣುಪು, ಹೊರಕ್ಕೂ ನುಣುಪು. ಮಾಲೀಕರು ಕರೆಂಟಿನ ಗಾಡಿಗಳನ್ನೆಲ್ಲ ಇನ್ನು ಮುಂದೆ ನನ್ನ ಲಿಫ್ಟಿಗೇ ಕಳಿಸುತ್ತಾರಂತೆ. ಕೆಲಸ ಹೆಚ್ಚಾಯಿತು, ಅಷ್ಟೇ. ಟೈ ಚಕ್ರ ಹಿಡಿಯುವುದು ಸುಮಾರಾಗಿ ಕಲಿತಿದ್ದಾನೆ. ದಿನಕ್ಕೆ ಇಪ್ಪತ್ತು ಸಲ ಹೇಳಬೇಕು, ಅದೇ ಕಷ್ಟ. ಅವನ ಸರ್ಟಿಫಿಕೇಟನ್ನು ಅಲ್ಲಿಂದ ತೆಗೆಸಿ ಬಾತ್‌ರೂಮಿಗೆ ಹೋಗುವ ದಾರಿಯಲ್ಲಿ ಹಾಕಿಸಿದೆ. ಎಲ್ಲರಿಗೂ ಕಾಣುತ್ತದೆ ಎಂದಾಗ ಖುಷಿಪಟ್ಟ.

ಮಧ್ಯಾಹ್ನ ಮೇಸ್ತ್ರಿ ಎದ್ದು ಕಣ್ಣುಜ್ಜಿಕೊಂಡು, "ಯಾವ ಗಾಡಿನೋ ಅದು, ಇಷ್ಟು ಸದ್ದು?" ಎಂದರು. "ನಿಮ್ಮ ಗೊರಕೆ ಮೇಸ್ತ್ರಿ, ಅದಕ್ಕೊಂದು ಸೈಲೆನ್ಸರ್ ಹಾಕಿಸಿ" ಎಂದೆ. ಎಲ್ಲರೂ ನಕ್ಕರು. ಅಂಥಾ ದೊಡ್ಡ ಜೋಕೇನೂ ಆಗಿರಲಿಲ್ಲ.

ಸಂಜೆ ಮನೆಗೆ ಬಂದು ಚಪ್ಪಲಿ ಬಿಡುತ್ತ ಅಜ್ಜಿಗೆ ಇದನ್ನೆಲ್ಲ ಹೇಳುತ್ತಿದ್ದೆ. ಅವಳು ಒಳಗೆ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದಳು, ಟಿ.ವಿ. ಬೇರೆ ಓಡುತ್ತಿತ್ತು.

"ಯಾಕೆ ಹಾಗೆ ಕೂಗ್ತೀಯೇ?" ಎಂದಳು. "ಕೇಳಿಸ್ತಿದೆ ನಂಗೆ. ಒಂದೊಂದು ಅಕ್ಷರಾನೂ ಕೇಳಿಸ್ತಿದೆ. ಆಮೇಲೆ ಏನಾಯ್ತು?"

ಆ ಕಿವಿ ಹನಿ ಒಳ್ಳೆಯದು. ಮುಗಿಯುತ್ತ ಬಂದಿದೆ. ನಾಳೆ ಮರೆಯದೆ ಇನ್ನೊಂದು ಬಾಟಲಿ ತರಬೇಕು.